ಸಂತಪುರ: ಊರಿಗೂ ಒಂದು ಸುಣ್ಣದ ಗೆರೆ ಬೇಕು

ಬೀದರ್‌ನಲ್ಲಿ ಔರಾದ್ ಬಸ್ ಹತ್ತಿದರೆ ಜನವಾಡ ದಾಟಿ, ಕೌಠಾ ಬಳಿ ಮಾಂಜ್ರಾ ನದಿಯ ಸೇತುವೆ ಹಾಯ್ದು, ತೊಗರಿ–ಸೋಯಾ ಹೊಲಗಳ ನಡುವೆ ಸಾಗಬೇಕು. ಔರಾದ್ ಇನ್ನೂ ಮುಂದಿರುವಾಗಲೇ ಸಂತಪುರ ಬರುತ್ತದೆ. ಹೋಬಳಿ ಕೇಂದ್ರ, ಪೊಲೀಸ್ ಠಾಣೆ, ಗ್ರಾಮ ಪಂಚಾಯಿತಿ ಇರುವ ಊರು. ಸುತ್ತಲಿನ ಹಳ್ಳಿಗಳ ಜನ ಗೊಬ್ಬರ–ಬೀಜಕ್ಕೆ, ಕಾಗದಪತ್ರಕ್ಕೆ, ಬಸ್ಸಿಗೆ ಇಲ್ಲಿಗೇ ಬರುತ್ತಾರೆ. ಲೆಕ್ಕಕ್ಕೆ ಹಳ್ಳಿ, ವಹಿವಾಟಿಗೆ ಪೇಟೆ.

ಈ ಊರಿಗೆ ಒಂದು ಕಾಲದಲ್ಲಿ ಇನ್ನೂ ದೊಡ್ಡ ಹೆಸರಿತ್ತು. ಹೈದರಾಬಾದ್ ರಾಜ್ಯದ ಕಾಲದ ಜನಗಣತಿಯಲ್ಲಿ ಇಂದಿನ ಔರಾದ್ ಸೀಮೆ ‘ಸಂತಪುರ ತಾಲ್ಲೂಕು’ ಎಂದೇ ದಾಖಲಾಗಿದೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ, ಅಹ್ಮದ್‌ಪುರ ಮರಾಠಿ ಸೀಮೆಗೆ, ನಾರಾಯಣಖೇಡ್ ಮತ್ತು ಜಹೀರಾಬಾದ್‌ನ ಬಹುಭಾಗ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ನಡುವಿನಲ್ಲಿದ್ದ ಸೀಮೆ ಒಮ್ಮೆಲೇ ಗಡಿ ಸೀಮೆಯಾಯಿತು. 2018ರಲ್ಲಿ ಔರಾದ್‌ನಿಂದ ಬೇರ್ಪಟ್ಟು ಕಮಲನಗರವೂ ಪ್ರತ್ಯೇಕ ತಾಲ್ಲೂಕಾಯಿತು.

ಏಣಿಯ ಕೊನೆಯ ಮೆಟ್ಟಿಲು

ಬೀದರ್, ಭಾಲ್ಕಿ, ಔರಾದ್, ಸಂತಪುರ: ಆಡಳಿತದ ಏಣಿಯಲ್ಲಿ ಇವು ನಾಲ್ಕು ಮೆಟ್ಟಿಲುಗಳು. ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸಲು 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸೇರಿದ್ದ ಸಚಿವ ಸಂಪುಟ ಒಪ್ಪಿತು. ಪಾಲಿಕೆಗೆ 3 ಲಕ್ಷ ಜನಸಂಖ್ಯೆ ಬೇಕು. 2011ರ ಜನಗಣತಿಯಲ್ಲಿ ನಗರದ್ದು 2.16 ಲಕ್ಷ. ಅದೇ ಗಣತಿಯಂತೆ ಭಾಲ್ಕಿ ಸುಮಾರು 40 ಸಾವಿರ ಜನರ ಪುರಸಭೆ, ಔರಾದ್ ಸುಮಾರು 20 ಸಾವಿರ ಜನರ ಪಟ್ಟಣ ಪಂಚಾಯಿತಿ. ಪಟ್ಟಣ ಪಂಚಾಯಿತಿಯಾಗಲು 10 ಸಾವಿರ ಜನ, ಚದರ ಕಿಲೋಮೀಟರಿಗೆ 400ರ ಜನಸಾಂದ್ರತೆ, ದುಡಿಯುವವರಲ್ಲಿ ಅರ್ಧದಷ್ಟು ಜನರಿಗೆ ಬೇಸಾಯೇತರ ಕಸುಬು ಇರಬೇಕೆನ್ನುತ್ತದೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಆ ಅಳತೆ ತುಂಬುವವರೆಗೆ ಊರು ಗ್ರಾಮ ಪಂಚಾಯಿತಿಯೇ. ತೊಂದರೆ ಇರುವುದೂ ಇಲ್ಲೇ. ಊರು ಬೆಳೆಯಲು ಕಾಯ್ದೆಯ ಅಪ್ಪಣೆಗೆ ಕಾಯುವುದಿಲ್ಲ.

ಬೆಳವಣಿಗೆ ಮೊದಲು ಕಾಣಿಸುವುದು ರಸ್ತೆ ಬದಿಯ ಹೊಲದಲ್ಲಿ. ಕಳೆದ ವರ್ಷ ಉದ್ದು ಬಿತ್ತಿದ್ದ ಹೊಲಕ್ಕೆ ಈ ವರ್ಷ ಕಲ್ಲು ನೆಡುತ್ತಾರೆ. ಪ್ಲಾಟ್ ಕೊಳ್ಳುವವರ ಮೊದಲ ಪ್ರಶ್ನೆ, ‘ಎನ್‌.ಎ. ಆಗ್ಯಾದೇನ್ರೀ?’ ಕೃಷಿ ಜಮೀನು ಕೃಷಿಯೇತರವಾಗಿ, ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕು, ರಸ್ತೆ–ಉದ್ಯಾನಕ್ಕೆ ಜಾಗ ಬಿಟ್ಟಿದ್ದರೆ ಪಂಚಾಯಿತಿ ಇ–ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಕೊಡುತ್ತದೆ. ಹಾಗಿಲ್ಲದಿದ್ದರೆ ಕೈಗೆ ಬರುವುದು 11ಬಿ. ಅಗ್ಗವೆಂದು ಗುಂಟೆ ಲೆಕ್ಕದಲ್ಲಿ ಕೊಂಡವರು ತೆರಿಗೆ ಕಟ್ಟುತ್ತಾರೆ, ಮನೆ ಕಟ್ಟುತ್ತಾರೆ. ಬ್ಯಾಂಕ್ ಸಾಲಕ್ಕೆ ಹೋದಾಗ ಆ ಒಂದಕ್ಷರದ ಬೆಲೆ ತಿಳಿಯುತ್ತದೆ. ಚರಂಡಿಗೆ ಜಾಗ ಬಿಡದ ಓಣಿಯಲ್ಲಿ ಮೊದಲ ದೊಡ್ಡ ಮಳೆಗೆ ಇನ್ನೊಂದು ಪಾಠ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆ ನೆಲದ ಮೇಲೆ ನೀರು ನಿಂತರೆ ಗೋಡೆ ಸೀಳುತ್ತದೆ.

ಸುರಂಗ ಬಾವಿ ಹೇಳುವುದು

ಊರು ಕಟ್ಟುವ ಮೊದಲು ನೆಲ–ನೀರು ನೋಡುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹದಿನೈದನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ತಂದ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ರಂಧ್ರಗಳ ಆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಕಪ್ಪುಶಿಲೆಯ ಮೇಲೆ ನಿಲ್ಲುತ್ತದೆ. ಇದನ್ನರಿತು ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿ–ಬೆಳಕಿಗೆ ಬಾವಿ ತೋಡಿ, ಬರೀ ಇಳಿಜಾರಿನ ಬಲದಿಂದ ನೀರು ಹರಿಸಿದರು. ಪರ್ಷಿಯಾದಿಂದ ಬಂದ ಆ ‘ಕರೇಜ್’ ವಿದ್ಯೆಗೆ ನೌಬಾದ್‌ನ ಸುರಂಗ ಬಾವಿ ಸಾಕ್ಷಿ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಕೆಂಪು ಕಲ್ಲಿನ ಚೌಕದ ತಳದ ಕತ್ತಲಲ್ಲಿ ನೀರು ಹೊಳೆಯುತ್ತದೆ. ನಗರ ಬೆಳೆದಂತೆ ಈ ಸುರಂಗಗಳ ಕೆಲವು ಬಾವಿಗಳು ಮಣ್ಣು ತುಂಬಿಕೊಂಡವು, ಮೇಲೆ ಕಟ್ಟಡಗಳು ಬಂದವು. ಹೂಳು ತೆಗೆಯುವ ಕೆಲಸ ಶುರುವಾದದ್ದು ಕಳೆದ ದಶಕದಲ್ಲಿ. ಕೆಡಿಸಿ ಸರಿಪಡಿಸುವ ಖರ್ಚು ಎಷ್ಟೆಂದು ಬೀದರ್‌ಗೆ ಗೊತ್ತು. ಸಂತಪುರ ಆ ಖರ್ಚಿಗೆ ಬೀಳಬೇಕಿಲ್ಲ.

ಯಾರು ನೋಡಬೇಕು?

ಬೀದರ್‌ನ ಯೋಜನೆಗೆ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಎರಡು ಪಟ್ಟಣಗಳ ನಡುವಿನ ರಸ್ತೆಯಲ್ಲಿ ಚಿಗುರುವ ಊರಿಗೆ ಯಾರು? ಸಂವಿಧಾನ ಉತ್ತರ ಕೊಟ್ಟಿದೆ. 74ನೇ ತಿದ್ದುಪಡಿಯ 243ಝಡ್‌ಡಿ ವಿಧಿಯಂತೆ ಪಂಚಾಯಿತಿ ಮತ್ತು ನಗರಸಭೆಗಳ ಯೋಜನೆಗಳನ್ನು ಒಂದುಗೂಡಿಸಲು ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ನೀರಿನ ಹಂಚಿಕೆ, ರಸ್ತೆ, ಪರಿಸರ ಅದರ ಕೆಲಸ. ಆದರೆ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತರಿಲ್ಲದ ಜಿಲ್ಲೆಯಲ್ಲಿ ಆ ಸಮಿತಿಗೆ ಜೀವ ಎಲ್ಲಿಂದ ಬರಬೇಕು? ಸಂವಿಧಾನದ 371(ಜೆ) ವಿಧಿ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಕಟ್ಟಡ, ರಸ್ತೆಗೆ ಹಣ ಬರುತ್ತದೆ. ಆ ಕಟ್ಟಡ, ರಸ್ತೆ ಎಲ್ಲಿ ಬರಬೇಕೆಂದು ಹೇಳುವ ನಕ್ಷೆ ಇಲ್ಲದಿದ್ದರೆ ಇಂದು ಹಾಕಿದ ಸಿಸಿ ರಸ್ತೆಯನ್ನು ನಾಳೆ ಪೈಪಿಗಾಗಿ ಅಗೆಯುತ್ತೇವೆ.

ನಮ್ಮ ಕಡೆ ಯಾರೂ ಗೆರೆ ಹಾಕದೆ ಅಡಿಪಾಯ ತೋಡುವುದಿಲ್ಲ. ಮೊದಲು ದಾರ ಹಿಡಿದು ಸುಣ್ಣ ಹಾಕುತ್ತಾರೆ, ಬಾಗಿಲು ಎಲ್ಲಿ, ಬಚ್ಚಲು ಎಲ್ಲಿ ಎಂದು ಮನೆಯವರೆಲ್ಲ ನಿಂತು ನೋಡುತ್ತಾರೆ. ಸಂತಪುರಕ್ಕೂ ಅಷ್ಟೇ ಬೇಕು. ರಸ್ತೆ ಅಗಲಕ್ಕೆ ಒಂದು ಗೆರೆ, ಮಳೆನೀರಿನ ಹಳ್ಳಕ್ಕೆ ಒಂದು, ಸಂತೆ ಮತ್ತು ಬಸ್ ನಿಲ್ದಾಣಕ್ಕೆ ಒಂದು, ಶಾಲೆ–ಆಸ್ಪತ್ರೆ ಮುಂದೆ ಬೆಳೆಯುವ ಜಾಗಕ್ಕೆ ಒಂದು. ಗ್ರಾಮಸಭೆಯಲ್ಲಿ ಆ ನಕ್ಷೆ ಗೋಡೆಗೆ ಹಚ್ಚಿ, ಹೆಣ್ಣುಮಕ್ಕಳು, ಕೂಲಿಯವರು, ಅಂಗಡಿಯವರು ಒಪ್ಪಿದ ಮೇಲೆ ಜಿಲ್ಲಾ ಯೋಜನೆಗೆ ಸೇರಿಸಬೇಕು.

ಊರ ಸುತ್ತ ಇನ್ನೂ ಹೊಲಗಳಿವೆ, ಗೆರೆ ಎಳೆಯಲು ಜಾಗವಿದೆ. ಮುಂದಿನ ಗ್ರಾಮಸಭೆಯಲ್ಲಿ ಸಂತಪುರದವರು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮೂರಿನ ನಕ್ಷೆ ಎಲ್ಲಿದೆ?