ಕಾಣದ ಸರಪಳಿ

ಮಕ್ಕಳೇ, ಡಲ್ಲಾಸ್‌ನ ಸ್ಟೇಟ್ ಫೇರ್‌ನಲ್ಲಿ ಗಿರಗಿರ ತಿರುಗುವ ಉಯ್ಯಾಲೆ ನೋಡಿದ್ದೀರಾ? ಕೂತವರು ಆಚೆ ಹಾರಿಹೋಗದಂತೆ ಸರಪಳಿ ಹಿಡಿದಿರುತ್ತೆ. ವೇಗ ಹೆಚ್ಚಿದಷ್ಟೂ ಸರಪಳಿ ಗಟ್ಟಿಯಾಗಿರಬೇಕು, ಅಲ್ವಾ?

ನಕ್ಷತ್ರಗಳನ್ನು ಗ್ಯಾಲಕ್ಸಿಯೊಳಗೆ ಹಿಡಿದಿಡುವ ಸರಪಳಿ ಗುರುತ್ವಾಕರ್ಷಣೆ. ಸೌರವ್ಯೂಹದ ತೂಕವೆಲ್ಲ ಹೆಚ್ಚುಕಡಿಮೆ ಸೂರ್ಯನಲ್ಲೇ ಇದೆ. ಹಾಗಾಗಿ ದೂರ ಹೋದಂತೆ ಸೆಳೆತ ಕಡಿಮೆ: ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡಿದರೆ ನೆಪ್ಚೂನ್ ಬರೀ 5 ಕಿ.ಮೀ.

ಗ್ಯಾಲಕ್ಸಿಯಲ್ಲೂ ಹೀಗೇ ಇರಬೇಕಿತ್ತು. ಆದರೆ 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅಳೆದಾಗ, ಅಂಚಿನ ಭಾಗಗಳೂ ಜೋರಾಗಿಯೇ ಓಡುತ್ತಿದ್ದವು! ಕಾಣುವ ನಕ್ಷತ್ರಗಳ ಸೆಳೆತ ಅದಕ್ಕೆ ಸಾಲದು. ಅಂದರೆ ಕಾಣದ್ದೇನೋ ಹಿಡಿದಿದೆ. ಅದನ್ನೇ ಡಾರ್ಕ್ ಮ್ಯಾಟರ್ ಅಂತಾರೆ. ವಿಶ್ವದಲ್ಲಿ ಅದು ಮಾಮೂಲಿ ವಸ್ತುವಿನ ಸುಮಾರು ಐದು ಪಟ್ಟು ಇದೆ.

ಎಲ್ಲ ಕಡೆ ಒಂದೇ ಸಮ ಇದೆಯಾ? ಇಲ್ಲ. ನಮ್ಮ ಟೆಕ್ಸಸ್‌ನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದ ವಿಜ್ಞಾನಿಗಳು ಲಿಯೋ-1 ಎಂಬ ಪುಟ್ಟ ಗ್ಯಾಲಕ್ಸಿಯ ನಕ್ಷತ್ರಗಳ ವೇಗ ಅಳೆದು, ಅಲ್ಲಿ ಡಾರ್ಕ್ ಮ್ಯಾಟರ್ ಅಷ್ಟಾಗಿ ಇಲ್ಲ ಎಂದು 2021ರಲ್ಲಿ ಹೇಳಿದರು.

ಹಾಗಾದರೆ ಅದು ಯಾವುದರಿಂದ ಆಗಿದೆ? ಅಪ್ಪ-ಅಮ್ಮನನ್ನು ಕೇಳಿ. ಅವರಿಗೂ ಗೊತ್ತಿಲ್ಲ, ವಿಜ್ಞಾನಿಗಳಿಗೂ ಇನ್ನೂ ಗೊತ್ತಿಲ್ಲ. ಉತ್ತರ ಹುಡುಕುವ ಕೆಲಸ ನಿಮಗೂ ಉಳಿದಿದೆ.