ಮಾಸಾಶನದ ಅರ್ಜಿಯೂ ವಕೀಲರ ನೆರವೂ

ಗುಬ್ಬಿಯ ಬಳಿಯ ಹಳ್ಳಿಯಲ್ಲಿರುವ ನನ್ನ ಸೋದರಮಾವ ತೆಂಗಿನಮರದಿಂದ ಬಿದ್ದು ಒಂದು ಕಾಲಿನ ಸ್ವಾಧೀನ ಕಳೆದುಕೊಂಡರು. ಅಂಗವಿಕಲರ ಮಾಸಾಶನಕ್ಕೆ ಹಾಕಿದ ಅರ್ಜಿ ಹಿಂದಕ್ಕೆ ಬಂದಿತು. "ವಕೀಲರಿಗೆ ಕೊಡಲು ದುಡ್ಡೆಲ್ಲಿದೆ, ಅಳಿಯ?" ಎಂದು ಸುಮ್ಮನಾದರು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಕಾಗದಪತ್ರಗಳು ನನ್ನ ಕೈಗೆ ಬಂದವು.

ವಾಸ್ತವದಲ್ಲಿ ದುಡ್ಡಿನ ಮಾತೇ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಅಂಗವಿಕಲರಿಗೆ ವಕೀಲರ ಉಚಿತ ನೆರವು ದೊರೆಯುವುದು; ಅವರಿಗೆ ಆದಾಯದ ಮಿತಿಯೂ ಇಲ್ಲ. ಇದಕ್ಕಾಗಿ ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರವೂ, ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಸಮಿತಿಗಳೂ ಇವೆ.

ವಕೀಲರು ಮೊದಲು ಕಾಗದಗಳನ್ನು ಸಾಲಾಗಿ ಹರಡಿಸಿದರು. ವೈದ್ಯರ ಪ್ರಮಾಣಪತ್ರದಲ್ಲಿ ಊನವು ಶೇಕಡ 50 ಎಂದಿತ್ತು; ಮಾಸಾಶನಕ್ಕೆ ಶೇಕಡ 40 ಇದ್ದರೆ ಅರ್ಹತೆಯುಂಟು. ತೊಡಕಿದ್ದುದು ಹೆಸರಿನಲ್ಲಿ: ಆಧಾರ್‌ನಲ್ಲಿ ಒಂದು ಬಗೆ, ಪ್ರಮಾಣಪತ್ರದಲ್ಲಿ ಇನ್ನೊಂದು. ಎರಡೂ ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ, ಹೊಸ ಅರ್ಜಿ ಬರೆದುಕೊಟ್ಟರು. "ನನ್ನೆದುರು ಏನನ್ನೂ ಮುಚ್ಚಿಡಬೇಡಿ, ಕಚೇರಿಯಿಂದ ಸ್ವೀಕೃತಿ ಪಡೆಯದೆ ಬರಬೇಡಿ" ಎಂದರು.

ತೀರ್ಮಾನ ಇನ್ನೂ ಬಂದಿಲ್ಲ. ಆದರೆ ಮಾವ ಈಗ ಬಾಗಿಲಲ್ಲಿ ಕೈಮುಗಿದು ನಿಲ್ಲುವುದಿಲ್ಲ. ಸ್ವೀಕೃತಿ ತೋರಿಸಿ ಕೇಳುತ್ತಾರೆ. ಸಹಪಾಠಿಗಳೇ, ರಜೆಗೆ ಊರಿಗೆ ಹೋದಾಗ ಇಷ್ಟನ್ನಾದರೂ ನಮ್ಮವರಿಗೆ ತಿಳಿಸೋಣ.