ಕುಡಿದು ಬಿಟ್ಟವರಿಗೆ ಮಾತ್ರ ಒಗ್ಗುವ ಕೆಲಸವೇ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ನರ್ಸಿಂಗ್, ವೆಲ್ಡಿಂಗ್‌ಗಳ ಜೊತೆಗೆ ವ್ಯಸನಿಗಳಿಗೆ ಆಪ್ತಸಮಾಲೋಚನೆ ಮಾಡುವುದನ್ನೂ ಕಲಿಸುತ್ತಾರೆ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಹಾಗಾಗಿ ಕ್ಯಾಲಿಫೋರ್ನಿಯಾವನ್ನೇ ಹಿಡಿದು ಮಾತಾಡುತ್ತೇನೆ; ಸಾಕಷ್ಟು ಕನ್ನಡಿಗರು ನೆಲೆಸಿರುವ ರಾಜ್ಯವೂ ಅದು. ಈ ಕೆಲಸದ ಬಗ್ಗೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

“ಕುಡಿದು ಬಿಟ್ಟವನಿಗೇ ಕುಡುಕನ ಕಷ್ಟ ಗೊತ್ತು.”

ಇದನ್ನು ಬರೀ ಗಾಳಿಮಾತು ಎಂದು ತಳ್ಳಿಹಾಕುವಂತಿಲ್ಲ. 1935ರಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಸಭೆ ಸೇರುವವರ ಬಳಗ ಹುಟ್ಟಿದ್ದೇ ಕುಡಿತದಲ್ಲಿ ಮುಳುಗೆದ್ದ ಇಬ್ಬರು ಒಬ್ಬರಿಗೊಬ್ಬರು ಆಸರೆಯಾದದ್ದರಿಂದ. 1950ರ ದಶಕದಲ್ಲಿ ಮಿನ್ನೆಸೋಟದ ಚಿಕಿತ್ಸಾಲಯಗಳು ಕುಡಿತ ಬಿಟ್ಟವರನ್ನೇ ಸಂಬಳ ಕೊಟ್ಟು ಸಮಾಲೋಚಕರನ್ನಾಗಿ ನೇಮಿಸಿಕೊಂಡವು. ಇವತ್ತಿಗೂ ಈ ತರಗತಿಗಳಲ್ಲಿ ಅಂಥವರು ಬೇಕಾದಷ್ಟು ಮಂದಿ ಸಿಗುತ್ತಾರೆ.

ಆದರೆ ಸಮಾಲೋಚಕ ಒಂದು ಕಾಲಕ್ಕೆ ವ್ಯಸನಿಯಾಗಿದ್ದನೋ ಇಲ್ಲವೋ ಎಂಬುದರಿಂದ ರೋಗಿಯ ಚೇತರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಸಂಶೋಧಕರಿಗೆ ಕಂಡಿಲ್ಲ. ವ್ಯತ್ಯಾಸ ಕಂಡದ್ದು, ಎದುರಿಗೆ ಕೂತವರ ಮಾತನ್ನು ಅವನು ಎಷ್ಟು ಅರಿತು ಆಲಿಸುತ್ತಾನೆ ಎಂಬುದರಿಂದ. ಅನುಭವಕ್ಕೆ ಅದರದ್ದೇ ಒಂದು ಅಪಾಯವೂ ಇದೆ. ತಾನು ಪಾರಾದ ದಾರಿಯೊಂದೇ ದಾರಿ ಅನ್ನಿಸುವುದು ಸಹಜ. ಸಭೆಗೆ ಹೋಗಿ ಬಿಟ್ಟವನು ಎಲ್ಲರನ್ನೂ ಸಭೆಗೆ ಅಟ್ಟುತ್ತಾನೆ. ದೇವರ ಹೆಸರಲ್ಲಿ ಬಿಟ್ಟವನು ದೇವರತ್ತ ಕೈ ತೋರಿಸುತ್ತಾನೆ. ನನ್ನನ್ನು ಕೇಳಿದರೆ, ಸಮಾಲೋಚಕನ ಸ್ವಂತ ಕಥೆಯನ್ನು ಕೋಣೆಯ ಹೊರಗೆ ಬಿಡಿಸುವುದೇ ಈ ತರಬೇತಿಯ ಮುಖ್ಯ ಕೆಲಸ. ಆ ಕಥೆಯನ್ನು ಯಾವಾಗ ಹೇಳಬಹುದು, ಹೇಳಿದರೆ ಯಾರಿಗೆ ಹಿತ ಎಂಬುದು ಪಾಠದಲ್ಲೇ ಬರುತ್ತದೆ.

ಅನುಭವವೇ ಅರ್ಹತೆಯಾಗಿರುವ ಕೆಲಸ ಬೇರೆ ಇದೆ. ಅದರ ಹೆಸರು ಪೀರ್ ಸಪೋರ್ಟ್ ಸ್ಪೆಷಲಿಸ್ಟ್. 2020ರ ಕಾನೂನಿನಿಂದಾಗಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬಂದಿದೆ.

“ಚೆನ್ನಾಗಿ ಗದರಿಸಿ ಬುದ್ಧಿ ಹೇಳಿದರೆ ದಾರಿಗೆ ಬರುತ್ತಾರೆ.”

ಗದರಿಸುವುದೇ ಚಿಕಿತ್ಸೆ ಎಂದುಕೊಂಡಿದ್ದ ಕಾಲವೂ ಇತ್ತು. 1958ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಿನಾನಾನ್ ಎಂಬ ವ್ಯಸನಮುಕ್ತಿ ಸಂಸ್ಥೆಯಲ್ಲಿ ಸುತ್ತ ಕೂತವರೆಲ್ಲ ಸೇರಿ ಒಬ್ಬನನ್ನು ಬೈದು ಜಾಲಾಡುತ್ತಿದ್ದರು. ಅದಕ್ಕೆ ‘ಗೇಮ್’ ಎಂದು ಹೆಸರು. ಕೊನೆಗೆ ಸಂಸ್ಥೆಯೇ ಹಿಂಸೆಗಿಳಿದು ಹಾಳಾಯಿತು. ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ 1983ರಲ್ಲಿ ಬರೆದ ಲೇಖನದಿಂದ ಬೆಳೆದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಇದಕ್ಕೆ ತದ್ವಿರುದ್ಧ. ನೀವು ವಾದಕ್ಕಿಳಿದಷ್ಟೂ ಕುಡಿಯುವವನು ಬಾಟಲಿಯ ಪರವಾಗಿ ವಕಾಲತ್ತು ವಹಿಸುತ್ತಾನೆ. ಆದ್ದರಿಂದ ಬಿಡಬೇಕೆಂಬ ಕಾರಣ ಅವನ ಬಾಯಿಂದಲೇ ಹೊರಡುವ ಹಾಗೆ ಮಾತು ನಡೆಸಬೇಕು.

“ಹೆಂಡತಿ ಸುಮ್ಸುಮ್ನೆ ಕೂಗಾಡ್ತಾಳೆ” ಎಂದವನಿಗೆ “ಕುಡಿದು ಬಂದ್ರೆ ಇನ್ನೇನು, ಆರತಿ ಎತ್ತಬೇಕಾ?” ಎಂದು ಕೇಳುವುದು ನಮಗೆಲ್ಲ ಬರುತ್ತದೆ. “ದಿನಾ ಜಗಳ ಆಗಿ ನಿಮಗೂ ಸಾಕಾಗಿದೆ” ಎಂದಷ್ಟೇ ಹೇಳಿ, ಅವನು ಮುಂದುವರಿಸುವವರೆಗೆ ತಾಳ್ಮೆಯಿಂದ ಕೂರುವುದಕ್ಕೆ ಅಭ್ಯಾಸ ಬೇಕು. ತರಗತಿಯಲ್ಲಿ ಒಬ್ಬರು ರೋಗಿಯಾಗಿ, ಒಬ್ಬರು ಸಮಾಲೋಚಕರಾಗಿ ಇದನ್ನೇ ಆಡಿ ಕಲಿಯುತ್ತಾರೆ.

“ಔಷಧಿ ಕೊಡುವುದೆಂದರೆ ಒಂದು ಚಟದ ಜಾಗಕ್ಕೆ ಇನ್ನೊಂದು.”

ಅಫೀಮಿನ ಜಾತಿಯ ಮಾದಕಗಳಿಗೆ ಬಿದ್ದವರಲ್ಲಿ ಮೆಥಡೋನ್, ಬುಪ್ರೆನಾರ್ಫಿನ್ ಔಷಧಿಗಳು ಸಾವಿನ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಸಮಾಲೋಚಕ ಅವನ್ನು ಬರೆದುಕೊಡುವಂತಿಲ್ಲ, ನಿಲ್ಲಿಸಿ ಎಂದು ಹೇಳುವಂತೆಯೂ ಇಲ್ಲ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೇ ಹೋಗಬಹುದು. ಯಾರನ್ನು ಮಾತಿಗೆ ಕೂರಿಸಬೇಕು, ಯಾರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಎಂಬುದು ಸಮಾಲೋಚಕನಿಗೆ ಗೊತ್ತಿರಲೇಬೇಕು.

“ಮಾತು ಬಂದರೆ ಸಾಕು, ಕಾಗದಪತ್ರದ ಗೊಡವೆ ಇಲ್ಲ.”

ಈ ವೃತ್ತಿಯಲ್ಲಿ 12 ಮೂಲ ಕೆಲಸಗಳೆಂದು ಪಟ್ಟಿ ಮಾಡುತ್ತಾರೆ. ಸಮಾಲೋಚನೆ ಅದರಲ್ಲೊಂದು, ದಾಖಲೆ ಬರೆದಿಡುವುದು ಇನ್ನೊಂದು. ರೋಗಿಯ ಗುಟ್ಟು ಕಾಯುವ ಫೆಡರಲ್ ನಿಯಮವಂತೂ ಬಿಗಿ. ತಾಯಿ ಫೋನ್ ಮಾಡಿ “ನನ್ನ ಮಗ ನಿಮ್ಮಲ್ಲಿ ಸೇರಿದ್ದಾನಾ?” ಎಂದು ಅಳುತ್ತಾ ಕೇಳಿದರೂ, ವಯಸ್ಕ ಮಗನ ಲಿಖಿತ ಒಪ್ಪಿಗೆ ಇಲ್ಲದೆ ಹೌದು ಎನ್ನುವಂತಿಲ್ಲ. ತಾಯಿ ಹೇಳುವುದನ್ನು ಕೇಳಿಸಿಕೊಳ್ಳಬಹುದು, ಅಷ್ಟೆ. ಮಕ್ಕಳ ವಿಷಯ ತಂದೆತಾಯಿಗೆ ತಿಳಿಯದಿರುವುದುಂಟೇ ಎನ್ನುವ ನಮ್ಮ ಮನೆಗಳಿಂದ ಹೋದವರಿಗೆ ಈ ಪಾಠ ಗಂಟಲಲ್ಲಿ ಇಳಿಯುವುದು ಕಷ್ಟ.

“ಓದು ಮುಗಿದರೆ ಸಮಾಲೋಚಕ.”

ಕಾಲೇಜು ಸರ್ಟಿಫಿಕೇಟನ್ನೋ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯನ್ನೋ ಕೊಡುತ್ತದೆ. ವೃತ್ತಿಯ ಮಾನ್ಯತೆ ಕೊಡುವುದು ರಾಜ್ಯ ಸರ್ಕಾರ ಒಪ್ಪಿದ ಬೇರೆ ಸಂಸ್ಥೆಗಳು. ಅಲ್ಲಿ ಹೆಸರು ನೋಂದಾಯಿಸಿದ 5 ವರ್ಷಗಳೊಳಗೆ ಪಾಠ, ಹಿರಿಯರ ಉಸ್ತುವಾರಿಯಲ್ಲಿ ತರಬೇತಿ, ಕನಿಷ್ಠ 2,080 ಗಂಟೆ ಕೆಲಸ, ಪರೀಕ್ಷೆ ಎಲ್ಲ ಮುಗಿಯಬೇಕು. ಅಷ್ಟು ಗಂಟೆ ಎಂದರೆ ಪೂರ್ಣಾವಧಿ ನೌಕರಿಯ ಒಂದು ವರ್ಷ. ನೋಂದಣಿಯಾದವರು ಸಂಬಳ ಪಡೆಯುತ್ತಲೇ ಇದನ್ನು ಮುಗಿಸಬಹುದು ಎಂಬುದೊಂದು ಸಮಾಧಾನ. ಮಾನ್ಯತೆ ಬಂದ ಮೇಲೂ ರೋಗನಿರ್ಣಯ ಮಾತ್ರ ವೈದ್ಯರದ್ದೋ ಲೈಸೆನ್ಸ್ ಇರುವ ಚಿಕಿತ್ಸಕರದ್ದೋ ಕೆಲಸ. ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯಕ್ಕೆ ವರ್ಗವಾದರೆ ಅಲ್ಲಿಯ ನಿಯಮವನ್ನು ಹೊಸದಾಗಿ ನೋಡಬೇಕು. ಕೆಲವು ರಾಜ್ಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ.

ಈ ಕಾಲೇಜುಗಳಲ್ಲಿ ಫೀಸು ಕಡಿಮೆ ಎಂಬ ಮಾತು ಅರ್ಧ ನಿಜ. ರಾಜ್ಯದ ನಿವಾಸಿಗಳಿಗೆ ಕೋರ್ಸಿನ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಅದರ ಹಲವು ಪಟ್ಟು. ಸೇರುವ ಮೊದಲು ಎರಡು ವಿಷಯ ವಿಚಾರಿಸಿಕೊಳ್ಳಿ: ಮಾನ್ಯತೆ ಕೊಡುವ ಸಂಸ್ಥೆ ಈ ಕೋರ್ಸನ್ನು ಒಪ್ಪುತ್ತದೆಯೇ, ತರಬೇತಿಗೆ ಚಿಕಿತ್ಸಾಲಯವನ್ನು ಕಾಲೇಜೇ ಗೊತ್ತುಮಾಡುತ್ತದೆಯೋ ಅಥವಾ ನೀವೇ ಹುಡುಕಿಕೊಳ್ಳಬೇಕೋ.